ರೇಸಿನ ದಿನ ಅವ್ವ ಉಣ್ಣುತ್ತಿರಲಿಲ್ಲ

ಅಣ್ಣನ ಅಂತ್ಯಕ್ರಿಯೆ ಮುಗಿಸಿಕೊಂಡು ನಾವು ಮನೆಗೆ ಮರಳಿದಾಗ ಹಿಂದೆಯೇ ಬಂದವರಲ್ಲಿ ಕನ್ನಡದವರಿಗಿಂತ ಸ್ಪೀಡ್‌ವೇ ಎಂಬ ಮೋಟರ್‌ಸೈಕಲ್ ರೇಸಿನ ಹಳೆಯ ರೈಡರುಗಳೇ ಹೆಚ್ಚು. ಒಬ್ಬರು ಕುಂಟುತ್ತಿದ್ದರು. ಒಬ್ಬರ ಮಣಿಕಟ್ಟು ತಿರುಗುತ್ತಿರಲಿಲ್ಲ. ಇನ್ನೊಬ್ಬರು ಯಾರನ್ನಾದರೂ ನೋಡಬೇಕಾದರೆ ಕುತ್ತಿಗೆಯ ಜೊತೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಕಪ್ಪು ಕೋಟಿನ ಮೇಲೆ, ಈಗ ಇಲ್ಲದ ಕ್ಲಬ್ಬುಗಳ ಸಣ್ಣ ಬಿಲ್ಲೆಗಳು. ಅಡುಗೆಮನೆಯಲ್ಲೂ ಮೆಟ್ಟಿಲ ಮೇಲೂ ನಿಂತು ಚಹಾ ಕುಡಿಯುತ್ತ ಅವರು ತಮ್ಮವರು ಕೂಡಿದಲ್ಲೆಲ್ಲ ಆಡುವ ಮಾತನ್ನೇ ಆಡಿದರು: ಯಾರು ಯಾರು ಮೇಲಿನ ಲೀಗಿಗೆ ಹೋದರು, ಯಾರು ಅಲ್ಲಿ ನಿಂತರು, ಯಾರು ವಾಪಸು ಬಂದರು. ಹೆಸರು ಹೇಳುವುದು, ತಲೆಯಾಡಿಸುವುದು, ಮುಂದಿನ ಹೆಸರಿಗೆ ಹೋಗುವುದು. ಕೊನೆಗೆ ಅಣ್ಣನ ಸರದಿ ಬಂತು.

"ಶಿವ್ ಹೋಗಿದ್ದ, ಪಾಪ," ಎಂದರು ಕುಂಟುವವರು. "ನಿಲ್ಲೋಕಾಗಲಿಲ್ಲ. ಎಲ್ಲರಿಗೂ ಆ ಎತ್ತರ ಹಿಡಿಸೋದಿಲ್ಲ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ನಾನು ಅವರ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದೆ. ಅವರು ಕನ್ನಡ ಓದುವವರಲ್ಲ, ಹಾಗಾಗಿ ಇದನ್ನು ಅವರಿಗಾಗಿ ಬರೆಯುತ್ತಿಲ್ಲ. ಆದರೆ ಅಣ್ಣ ಯಾಕೆ ಕೆಳಗಿಳಿದ ಎಂಬುದು ನನ್ನೊಬ್ಬಳಿಗೇ ಗೊತ್ತು. ನನ್ನ ಜೊತೆ ಅದು ಮಣ್ಣಾಗುವ ಮೊದಲು ಒಂದು ಕಡೆ ಇಳಿಸಿಡಬೇಕು ಅನಿಸಿತು.

ನಾವು ಬೆಳೆದದ್ದು ಸ್ಟ್ರಾಟ್‌ಫರ್ಡ್‌ನ ಹಿಂಬದಿಯಲ್ಲಿ, ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತ ಇಟ್ಟಿಗೆ ಮನೆಗಳ ಓಣಿಯಲ್ಲಿ. ಆಗಿನ್ನೂ ಅಲ್ಲಿ ದೊಡ್ಡ ಮಾಲ್ ಇರಲಿಲ್ಲ, ಪಾರ್ಕ್ ಇರಲಿಲ್ಲ; ರೈಲು ಹಳಿಗಳು, ಗುಜರಿ ಅಂಗಡಿಗಳು, ಕಾಲುವೆಯ ಕೊಳಕು ನೀರು. ಕೆಳಗೆ ಎರಡು ಕೋಣೆ, ಮೇಲೆ ಎರಡು, ಹಿಂದೆ ಅಡುಗೆಮನೆ. ಅಡುಗೆಮನೆಯ ಗೋಡೆ ಸದಾ ಹಸಿ. ಅವ್ವ ರೊಟ್ಟಿ ಬಡಿಯಲು ಕುಳಿತರೆ ಅವಳ ಬೆನ್ನು ಬಾಗಿಲಿಗೆ ತಾಗುತ್ತಿತ್ತು, ಹಿತ್ತಲಿಗೆ ಹೋಗಬೇಕಾದವರು ಅವಳು ಏಳುವತನಕ ಕಾಯಬೇಕಿತ್ತು. ಮೇಲಿನ ಹಿಂಬದಿಯ ಕೋಣೆ ನನ್ನದೂ ಅಣ್ಣನದೂ; ನಡುವೆ ಒಂದು ಸೀರೆಯ ಪರದೆ. ಅದರ ಕಿಟಕಿಯಿಂದ ಕ್ಯಾನರಿ ವಾರ್ಫ್‌ನ ಗೋಪುರದ ನೆತ್ತಿಯ ದೀಪ ಮಿನುಗುವುದು ಕಾಣುತ್ತಿತ್ತು. ಅಪ್ಪ ಬಸ್ ಗ್ಯಾರೇಜಿನಲ್ಲಿ ಬಸ್ಸುಗಳ ಒಳಗೆ ತೊಳೆಯುವ ಕೆಲಸ ಮಾಡುತ್ತಿದ್ದ. ವಿಜಯಪುರದ ಕಡೆಯವನು, ಮಾತು ಕಡಿಮೆ. ಆ ಮನೆಯಲ್ಲಿ ಮಾತೆಲ್ಲ ಅವ್ವನದು, ಉತ್ತರಗಳೆಲ್ಲ ಇಂಗ್ಲಿಷಿನಲ್ಲಿ ನಮ್ಮವು.

ಓಣಿಯ ಕೊನೆಯ ಆಚೆ, ಗೋಡೆಯ ಹಿಂದೆ, ಹಳೆಯ ಸ್ಟೇಡಿಯಂ ಇತ್ತು. ಬೇಸಿಗೆ ಪೂರ್ತಿ ವಾರಕ್ಕೊಂದು ಸಂಜೆ ಅಲ್ಲಿಂದ ಕಿವಿ ಹರಿಯುವ ಸದ್ದು, ಅದರ ಹಿಂದೆಯೇ ಒಂದು ವಾಸನೆ. ಆ ಮನೆಗೆ ಹೊಸದಾಗಿ ಬಂದಾಗ ಅವ್ವ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತ ನಿಂತು ಮೂಗರಳಿಸಿದ್ದು ನೆನಪಿದೆ.

"ಯಾರೋ ಔಡಲೆಣ್ಣಿ ಸುಡಾಕತ್ತಾರ. ಕಾಡಗಿ ಮಾಡಾಕತ್ತಾರೇನೋ. ಯಾರ ಮನ್ಯಾಗ ಕೂಸು ಹುಟ್ಟೇತಿ ನೋಡು."

ಅದು ಔಡಲೆಣ್ಣೆಯೇ. ಆ ಗಾಡಿಗಳ ಎಂಜಿನ್ನಿಗೆ ಹಾಕುವ ಎಣ್ಣೆ ಅದರಿಂದಲೇ ಆಗುತ್ತದೆ. ಸ್ಪೀಡ್‌ವೇ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಮೊಟ್ಟೆಯಾಕಾರದ ಹಾದಿ, ಅದರ ಮೇಲೆ ಕೆಂಪು ಕಲ್ಲಿನ ಪುಡಿ. ನಾಲ್ವರು ರೈಡರುಗಳು, ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೆ. ಮೋಟರ್‌ಸೈಕಲ್ಲಿಗೆ ಒಂದೇ ಗೇರು, ಬ್ರೇಕು ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ತಳ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಜಾರುತ್ತಲೇ ತಿರುಗಬೇಕು. ಮುಂದಿದ್ದವನ ಚಕ್ರದಿಂದ ಎದ್ದ ಪುಡಿ ಹಿಂದಿನವರ ಎದೆಗೆ ಮುಖಕ್ಕೆ ಬಡಿಯುತ್ತದೆ. ಲೀಗುಗಳು ಮೂರು. ಕೆಳಗಿನದು ಕಲಿಯುವವರಿಗೆ, ನಡುವಿನದು ಹೊಟ್ಟೆಪಾಡಿಗೆ, ಮೇಲಿನದರಲ್ಲಿ ಪೋಲೆಂಡ್, ಸ್ವೀಡನ್‌ಗಳಿಂದ ಬಂದವರು, ಟೀವಿಯಲ್ಲಿ ಕಾಣುವವರು.

ನಮ್ಮ ಬೇಲಿಯಾಚೆ ರೋನ್ ಇದ್ದ. ಹೆಂಡತಿ ತೀರಿಕೊಂಡ ಮುದುಕ, ಒಂದು ಕಾಲದ ರೈಡರು. ಅವನ ಹಿತ್ತಲ ಶೆಡ್ಡಿನಲ್ಲಿ ಅಣ್ಣ ಚಕ್ರಕ್ಕೆ ಮೆತ್ತಿದ ಕೆಂಪು ಪುಡಿ ಕೆರೆಯುತ್ತ ಶುರುಮಾಡಿದವನು, ಶಾಲೆ ಬಿಡುವಷ್ಟರಲ್ಲಿ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತಿದ್ದ. ಆಮೇಲೆ ಎಸೆಕ್ಸ್‌ನ ಒಂದು ಗದ್ದೆಯಲ್ಲಿ ರೋನ್ ಅವನನ್ನು ಗಾಡಿಯ ಮೇಲೆ ಕೂರಿಸಿದ. ಅಪ್ಪ ಬೇಡ ಅನ್ನಲಿಲ್ಲ. ಅವ್ವನೂ ಅನ್ನಲಿಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಯಾವುದರಲ್ಲಾದರೂ ಬಿಳಿಯರ ಜೊತೆ ನಿಂತು ಗೆಲ್ಲಬೇಕು ಎಂಬ ಹಟ ಅವಳಲ್ಲಿ ನಾವು ತಿಳಿದುಕೊಂಡದ್ದಕ್ಕಿಂತ ಹೆಚ್ಚಿತ್ತು. ರೋನ್ ಬೇಲಿಯ ಮೇಲಿಂದ ರುಬಾರ್ಬ್ ಗಿಡದ ಹುಳಿ ದಂಟು ಕೊಡುತ್ತಿದ್ದ. ಅವ್ವ ಅದನ್ನು ಬೇಳೆಗೆ ಹಾಕಿ ಪುಂಡಿಪಲ್ಯದ ಹಾಗೆ ಮಾಡಿ, ರೊಟ್ಟಿಯಲ್ಲಿ ಸುತ್ತಿ ಅವನಿಗೇ ವಾಪಸು ಕೊಡುತ್ತಿದ್ದಳು. ಭಾನುವಾರ ಹಿತ್ತಲಲ್ಲಿ ಅವನು ಹಳೆಯ ರೈಡರುಗಳ ಕತೆ ಹೇಳುವನು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುವೆ. ಟೆರಿ ಎಂಬವನು ಕೆಳಗಿನ ಲೀಗಿನಲ್ಲಿ ಹುಲಿ. ಮೇಲೆ ಹೋದ ಮೇಲೆ ಪ್ರತಿ ರೇಸಿನಲ್ಲೂ ಕೊನೆ, ಆದರೂ ಹೆಂಡತಿಗೆ ಮುಖ ತೋರಿಸಲಾರದೆ ವರ್ಷಗಟ್ಟಲೆ ಅಲ್ಲೇ ಉಳಿದ, ಕೊನೆಗೆ ಕಾರ್ಪೆಟ್ ಮಾರಿದ. ಡೆನ್ನಿ ಮೇಲೆ ಹೋದ ಬೇಸಿಗೆಯಲ್ಲೇ ಗೆದ್ದ. ಅದೇ ಬೇಸಿಗೆ ಬೇಲಿಗೆ ಬಡಿದು ಬೆನ್ನು ಮುರಿದುಕೊಂಡ, ಈಗ ಸಮುದ್ರದ ಕಡೆಯ ಊರಲ್ಲಿ ಗಾಲಿಕುರ್ಚಿಯಲ್ಲಿದ್ದಾನೆ. ರೋನ್ ತಾನೂ ಮೇಲೆ ಹೋಗಿ ಒಂದೇ ಬೇಸಿಗೆಯಲ್ಲಿ ಇಳಿದು ಬಂದವನು.

"ಅದೇ ಗಾಡಿ, ಅದೇ ನಾಲ್ಕು ಸುತ್ತು," ಅನ್ನುತ್ತಿದ್ದ. "ಕೆಳಗೆ ನೀನು ನಡುವೆ ನುಗ್ಗಿದರೆ ಪಕ್ಕದವನು ಚೂರು ಜಾಗ ಬಿಡುತ್ತಾನೆ. ಮೇಲೆ ಬಿಡೋದಿಲ್ಲ. ಅಷ್ಟೇ ವ್ಯತ್ಯಾಸ."

ಅವ್ವ ಕೇಳುತ್ತಿದ್ದದ್ದು ಬೇರೆಯೇ.

"ಆ ಬೆನ್ನು ಮುರಕೊಂಡವ ಅದಾನಲ್ಲ, ಅವನ ಅವ್ವ ಏನ್ ಮಾಡತಿದ್ಲಂತ ಕೇಳು."

ಕೇಳಿದೆ. ರೋನ್ ಬಹಳ ಯೋಚಿಸಿ, ಅವಳು ಸಂಜೆ ಬಿಂಗೋ ಆಡಲು ಹೋಗುತ್ತಿದ್ದಳು ಅನಿಸುತ್ತದೆ ಎಂದ.

"ಮತ್ತ," ಎಂದಳು ಅವ್ವ. "ಮಗಾ ಅಲ್ಲಿ ಹಂಗ ಓಡಸಾಕತ್ತಾಗ ಬಿಂಗೋ ಆಡಕೋತ ಕುಂತ್ರ ಇನ್ನೇನಾಗ್ತದ."

ಅವಳು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಹೊರಗೆ ದುಡಿಯಲು ಹೋಗಿದ್ದಾಗ ಹೆಂಗಸರು ಮೊದಲು ಉಣ್ಣುವ ಪದ್ಧತಿ ಇರಲಿಲ್ಲ. ಅಪ್ಪನ ಶಿಫ್ಟು ಯಾವುದೇ ಇರಲಿ, ಅವನು ಬಂದು ಕೈತೊಳೆದ ಮೇಲೆಯೇ ಅವಳ ತಾಟು ಇಳಿಯುತ್ತಿತ್ತು. ನನಗೆ ಮಾತ್ರ, ಶಾಲೆಗೆ ಹೋಗುವ ಹುಡುಗಿ ಎಂದು ವಿನಾಯಿತಿ. ಅಣ್ಣ ಕೆಳಗಿನ ಲೀಗಿನಲ್ಲಿ ಓಡಿಸಲು ಶುರುಮಾಡಿದಾಗ ಅವಳು ಅವನಿಗೂ ಹಾಗೆಯೇ ಕಾಯತೊಡಗಿದಳು. ಅದರಲ್ಲಿ ವಿಶೇಷವೇನೂ ನಮಗೆ ಕಾಣಲಿಲ್ಲ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ, ಧಾರವಾಡದ ಕಡೆಯ ಗೆಳತಿಯೊಬ್ಬಳು ಬಂದು ಒತ್ತಾಯ ಮಾಡಿದ್ದಕ್ಕೆ, ಅವ್ವ ಒಂದು ಹಿಡಿ ಚುರುಮುರಿ ತಿಂದಳು. ಅದೇ ಹೊತ್ತಿಗೆ ಕೆಂಟ್‌ನ ಯಾವುದೋ ಹಾದಿಯಲ್ಲಿ ಅಣ್ಣನ ಗಾಡಿ ಮಗುಚಿ ಕೊರಳೆಲುಬು ಮುರಿಯಿತು. ಅವನು ತೋಳಿಗೆ ಜೋಳಿಗೆ ಕಟ್ಟಿಕೊಂಡು ಒಳಗೆ ಬಂದಾಗ ಅವ್ವ ಅಳಲಿಲ್ಲ. ಡಬ್ಬಿಯಲ್ಲಿ ಉಳಿದ ಚುರುಮುರಿಯನ್ನು ತೆಗೆದುಕೊಂಡು ಹೋಗಿ ಹಿತ್ತಲಲ್ಲಿ ಹಕ್ಕಿಗಳಿಗೆ ಸುರಿದು ಬಂದಳು. ಆ ದಿನದಿಂದ ರೇಸಿದ್ದ ದಿನ ಬೆಳಗಿನಿಂದ ಅವನ ಮುಖ ಕಾಣುವತನಕ ನೀರು ಬಿಟ್ಟು ಏನೂ ಅವಳ ಬಾಯಿಗೆ ಹೋಗಲಿಲ್ಲ. ಹಬ್ಬದ ಉಪವಾಸಕ್ಕೆ ದೇವರ ಹೆಸರಾದರೂ ಇರುತ್ತದೆ. ಇದಕ್ಕೆ ಅವಳು ಯಾವ ಹೆಸರನ್ನೂ ಇಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅಣ್ಣ ಬಂದಾಗ ಬಿಸಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ, ಮೊಸರು. ಅವಳೂ ಜೊತೆಗೇ ಉಣ್ಣುವಳು. ಹಾಗಾಗಿ ಅವನ ಕಣ್ಣಿಗೆ ಅವ್ವ ಯಾವಾಗಲೂ ಉಣ್ಣುತ್ತಲೇ ಇದ್ದಳು.

ಕೆಳಗಿನ ಲೀಗಿನಲ್ಲಿ ವಾರಕ್ಕೊಂದು ರೇಸು. ವಾರಕ್ಕೊಂದು ದಿನದ ಹಸಿವು ಅವಳಿಗೆ ದೊಡ್ಡದಾಗಿರಲಿಲ್ಲ. ನಮ್ಮ ಓಣಿಯ ಸ್ಟೇಡಿಯಂ ಮುಚ್ಚಿತು, ಅಣ್ಣ ಬೇರೆ ಊರಿನ ಕ್ಲಬ್ಬು ಸೇರಿದ, ನಡುವಿನ ಲೀಗಿಗೆ ಹೋದ. ಆಗ ವಾರಕ್ಕೆ ಎರಡು ರೇಸು, ಒಮ್ಮೊಮ್ಮೆ ಮೂರು. ಅವನು ಚೆನ್ನಾಗಿ ಓಡಿಸುತ್ತಿದ್ದ. ಇದನ್ನು ತಂಗಿಯ ಮಾತೆಂದು ತಳ್ಳಬೇಡಿ. ರೇಸು ಶುರುವಾಗುವಲ್ಲಿ ಹಾದಿಗೆ ಅಡ್ಡ ಕಟ್ಟಿದ ಟೇಪು ಮೇಲೇಳುತ್ತಲೇ ಅವನ ಎಡಭುಜ ಇಳಿಯುತ್ತಿದ್ದ ರೀತಿಗೆ, ಮೊದಲ ತಿರುವಿಗೆ ಅವನು ಯಾವ ಅನುಮಾನವೂ ಇಲ್ಲದೆ ಬೀಳುತ್ತಿದ್ದ ರೀತಿಗೆ, ಎದುರು ತಂಡದವರೂ ಕಟಕಟೆಯ ಮೇಲೆ ಬಾಗುತ್ತಿದ್ದರು. ಆಮೇಲೆ ಮೇಲಿನ ಲೀಗಿನ ಒಂದು ಕ್ಲಬ್ಬು ಅವನನ್ನು ಕರೆಯಿತು. ಆಗಿನ ನಿಯಮದ ಪ್ರಕಾರ ಒಬ್ಬನೇ ರೈಡರು ಎರಡು ಲೀಗಿನಲ್ಲೂ ಓಡಿಸಬಹುದಿತ್ತು. ನಡುವಿನ ಲೀಗಿನ ಕೆಲಸ ಬಿಡದೆ ಮೇಲಿನದನ್ನೂ ಹೊತ್ತುಕೊಳ್ಳುವುದು. ಎಲ್ಲ ಹುಡುಗರೂ ಮೇಲೆ ಹೋಗುತ್ತಿದ್ದದ್ದು ಹಾಗೆಯೇ. ರೋನ್ ಬೇಲಿ ದಾಟಿ ಬಂದು ಅಪ್ಪನ ಕೈ ಕುಲುಕಿದ. ಅವ್ವ ಹೋಳಿಗೆ ಮಾಡಿದಳು. ಅಣ್ಣನ ತಂಡದ ಫೋಟೋ ದೇವರ ಮಾಡದ ಪಕ್ಕದ ಗೋಡೆಗೆ ಏರಿತು.

ಆ ಬೇಸಿಗೆ ನಮ್ಮ ಅಡುಗೆಮನೆ ಖಾಲಿಯಾಗುತ್ತ ಹೋಯಿತು. ಸೋಮವಾರ ಒಂದು ಊರು, ಬುಧವಾರ ಇನ್ನೊಂದು, ಶುಕ್ರವಾರ, ಶನಿವಾರ, ನಡುನಡುವೆ ಭಾನುವಾರದ ರೇಸಿಗೆ ಪೋಲೆಂಡಿಗೆ ವಿಮಾನ. ದೂರದ ಉತ್ತರದ ಊರುಗಳಿಂದ ಅವನು ಮರುದಿನ ಬೆಳಗ್ಗೆ ಬರುವನು, ವ್ಯಾನಿನಲ್ಲೇ ಮಲಗಿ. ಅವ್ವ ಮರುದಿನ ಬೆಳಗ್ಗೆ ಉಣ್ಣುವಳು. ಫೋನು ಮಾಡಿ, ಮುಗೀತು, ಚೆನ್ನಾಗಿದ್ದೀನಿ ಅಂದರೆ ಸಾಲುತ್ತಿರಲಿಲ್ಲ. "ಮಾರಿ ನೋಡಿದ ಮ್ಯಾಲೆ," ಅನ್ನುತ್ತಿದ್ದಳು ಅಪ್ಪನಿಗೆ. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಆ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆ ಗೊತ್ತಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಜೀಪಿ ಡಾಕ್ಟರು ಗುಳಿಗೆ ಕೊಟ್ಟು, ಒಂದು ದಿನವೂ ತಪ್ಪಿಸಬಾರದು, ಊಟದ ಜೊತೆ ತೆಗೆದುಕೊಳ್ಳಬೇಕು ಎಂದಿದ್ದರು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಗುಳಿಗೆ ಔಷಧ, ಊಟವಲ್ಲ, ಹಾಗಾಗಿ ಅದಕ್ಕೆ ಅಡ್ಡಿಯಿಲ್ಲ ಎಂಬುದು ಅವಳ ಲೆಕ್ಕ. ಹಸಿದ ಹೊಟ್ಟೆಗೆ ಗುಳಿಗೆ ನುಂಗಿ, ನೀರು ಕುಡಿದು, ಕೆಲಸಕ್ಕೆ ನಿಲ್ಲುತ್ತಿದ್ದಳು.

ಜುಬಿಲಿ ಲೈನು ಸ್ಟ್ರಾಟ್‌ಫರ್ಡಿಗೆ ಬಂದ ಮೇಲೆ ಒಂದೇ ಟ್ಯೂಬ್ ರೈಲಿನಲ್ಲಿ ಕೂತು ಕ್ವೀನ್ಸ್‌ಬರಿಗೆ ಹೋಗಬಹುದಿತ್ತು. ಅಲ್ಲಿನ ಒಂದು ಗುಜರಾತಿ ಅಂಗಡಿಯ ಜೋಳದ ಹಿಟ್ಟು ಬಿಟ್ಟರೆ ಬೇರೆ ಹಿಟ್ಟಿನ ರೊಟ್ಟಿ ಅವ್ವನಿಗೆ ಹರಿಯುತ್ತಿತ್ತು. ಒಂದು ಸೋಮವಾರ ಮಧ್ಯಾಹ್ನ, ಕಾಲೇಜಿಗೆ ರಜೆ ಇದ್ದದ್ದರಿಂದ ನಾನೂ ಅವಳ ಜೊತೆ ಹೋದೆ. ಅಣ್ಣ ಶನಿವಾರ ಉತ್ತರದಲ್ಲಿ ಓಡಿಸಿ, ಅಲ್ಲಿಂದಲೇ ಪೋಲೆಂಡಿಗೆ ಹೋಗಿದ್ದ, ಆ ಸೋಮವಾರ ರೇಸಿಲ್ಲದ್ದರಿಂದ ಸಂಜೆಗೇ ಮನೆಗೆ ಬರುವವನಿದ್ದ. ಅಂದರೆ ಅವಳು ಶುಕ್ರವಾರ ರಾತ್ರಿಯಿಂದ ಉಂಡಿರಲಿಲ್ಲ. ಟ್ಯೂಬಿನಲ್ಲಿ ಬೆವರುತ್ತಿದ್ದಳು. ಅಂಗಡಿಯಲ್ಲಿ ಹಿಟ್ಟಿನ ಚೀಲ ಎತ್ತಲು ಬಾಗಿದವಳು ಹಾಗೆಯೇ ಕುಳಿತಳು, ಆಮೇಲೆ ಬೇಳೆ ಮೂಟೆಗಳ ನಡುವೆ ಒರಗಿದಳು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಅಂಗಡಿಯ ಮಂಜುಬೆನ್ ಒಬ್ಬ ಗಿರಾಕಿಗೆ ಆಂಬುಲೆನ್ಸ್ ಕರೆಯಲು ಹೇಳಿ, ತಾನು ಒಳಗೆ ಓಡಿ ಚಹಾಕ್ಕೆ ಹಿಡಿಗಟ್ಟಲೆ ಸಕ್ಕರೆ ಹಾಕಿ ತಂದಳು. ನಾನು ಲೋಟವನ್ನು ಅವ್ವನ ತುಟಿಗೆ ಹಿಡಿದೆ. ಅವಳು ಹಲ್ಲು ಕಚ್ಚಿಕೊಂಡಳು.

"ಅವ್ವ, ಕುಡಿ. ಪ್ಲೀಸ್."

"ಅಂವ ಬರಲಿ."

"ಬಂದಾನ, ಅವ್ವ. ಮನ್ಯಾಗ ಕುಂತಾನ."

ಅವಳ ಕಣ್ಣುಗಳು ಎಲ್ಲಿಂದಲೋ ತಿರುಗಿ ಬಂದು ನನ್ನ ಮೇಲೆ ನಿಂತವು.

"ನೀ ನೋಡಿದೇನು?"

ನನಗೆ ಹೌದು ಅನ್ನಲು ಬಾಯಿ ಬರುವಷ್ಟರಲ್ಲಿ ಅವಳು ಮತ್ತೆ ತುಟಿ ಬಿಗಿದಳು. ಚಹಾ ಅವಳ ಗದ್ದದಿಂದ ಸೆರಗಿಗೆ ಇಳಿಯಿತು. "ಏ ಬೆಹನ್, ಮುಂಹ್ ಖೋಲೋ," ಎಂದು ಮಂಜುಬೆನ್ ಅವಳ ಗಲ್ಲ ಹಿಡಿದು ಬೇಡಿಕೊಳ್ಳುತ್ತಿದ್ದಳು. ಆಂಬುಲೆನ್ಸಿನವರು ಬಂದು, ಬೆರಳಿಗೆ ಚುಚ್ಚಿ ನೋಡಿ, ಒಂದು ಟ್ಯೂಬಿನಿಂದ ಸಕ್ಕರೆಯ ಲೋಳೆಯನ್ನು ಅವಳ ಒಸಡಿಗೆ ಉಜ್ಜಿದರು. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಬೆಳಕು ಬಂತು. ಆಸ್ಪತ್ರೆಯಲ್ಲಿ ಅವಳು ಮಾಡಿದ ಮೊದಲ ಕೆಲಸವೆಂದರೆ ನಾಲಿಗೆಯನ್ನು ಒಸಡಿನ ಮೇಲೆ ಆಡಿಸಿ ನೋಡಿದ್ದು.

"ಏನ್ ತಿನಿಸಿದ್ರು ನಂಗ?"

"ಔಷಧ," ಎಂದ ಅಪ್ಪ. ಗ್ಯಾರೇಜಿನ ಬಟ್ಟೆಯಲ್ಲೇ ಓಡಿ ಬಂದಿದ್ದ. "ಊಟಾ ಅಲ್ಲ. ಔಷಧ."

"ಸಿಹಿ ಇತ್ತು," ಎಂದಳು ಅವ್ವ, ಮತ್ತು ಗೋಡೆಯ ಕಡೆ ಹೊರಳಿದಳು.

ಅಣ್ಣ ಆ ಸಂಜೆ ಸುರಕ್ಷಿತವಾಗಿಯೇ ಬಂದ. ನೇರ ಆಸ್ಪತ್ರೆಗೇ ಬಂದ, ಕೈಯಲ್ಲಿ ಪೋಲೆಂಡಿನ ವಿಮಾನದಲ್ಲಿ ಕೊಟ್ಟ ಬಿಸ್ಕತ್ತು. ಅವ್ವ ಅವನನ್ನು ಅಡಿಯಿಂದ ಮುಡಿಯತನಕ ನೋಡಿ ಆ ಬಿಸ್ಕತ್ತನ್ನೇ ಇಸಿದುಕೊಂಡು ತಿಂದಳು. ಅವನಿಗೆ ಆಗಲೂ ತಿಳಿಯಲಿಲ್ಲ. ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ಇದು ಹೇಗಾಯಿತು, ಅವಳು ಉಣ್ಣುತ್ತಿಲ್ಲವೇ ಎಂದು ಕೇಳಿದ. ಹೇಳಿದೆ. ಯಾವಾಗಿನಿಂದ ಅಂದ. ಕೊರಳೆಲುಬಿನ ದಿನದಿಂದ ಅಂದೆ. ಅವನು ಆ ಎಲುಬು ಕೂಡಿಕೊಂಡ ಗಂಟನ್ನು ಅಂಗಿಯ ಮೇಲಿಂದಲೇ ಮುಟ್ಟಿ ನೋಡಿಕೊಂಡ.

ಅವ್ವ ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಜಗಳವಾಯಿತು. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಹಿಟ್ಟು ನಾದುತ್ತಿದ್ದಳು, ಅಣ್ಣ ಸಿಂಕಿಗೆ ಒರಗಿ ನಿಂತಿದ್ದ.

"ಯು ಕಾಂಟ್ ಡೂ ದಿಸ್, ಅವ್ವ. ಡಾಕ್ಟರ್ ಏನಂದ್ರು ಗೊತ್ತದ ಅಲ್ಲ?"

"ಗೊತ್ತದ. ನೀ ಕೈ ತೊಳಕೊಂಡು ಕುಂದರು."

"ನಾ ಬೀಳೂದು ಬಿಡೂದು ನಿನ್ನ ಹೊಟ್ಟಿ ಮ್ಯಾಲ ಇಲ್ಲ."

"ಮತ್ತ ಯಾವುದರ ಮ್ಯಾಲ ಐತಿ? ಬ್ರೇಕ್ ಐತೇನು ನಿನ್ನ ಗಾಡಿಗೆ?"

ಅಣ್ಣ ಸಿಂಕಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ.

"ಇಲ್ಲಲ್ಲ," ಎಂದಳು ಅವ್ವ. "ಮತ್ತ ಯಾರರೆ ಒಬ್ಬರು ಹಿಡೀಬೇಕಲ್ಲ."

"ಹಂಗಂದ್ರ ನಾ ಬಿಟ್ಟಬಿಡ್ತೀನಿ. ಫಿನಿಶ್. ನಾಳೆ ಫೋನ್ ಮಾಡಿ ಹೇಳ್ತೀನಿ."

ಅವ್ವ ಹಿಟ್ಟಿನ ಕೈ ಎತ್ತಿ ಅವನ ಕಡೆ ತಿರುಗಿದಳು.

"ಬಿಟ್ಟಿ ಅಂದ್ರ ನೋಡು, ನಾ ಈ ಮನ್ಯಾಗ ಒಂದು ತುತ್ತು ತಿನ್ನಾಂಗಿಲ್ಲ. ನನ್ನ ಸಂಬಂಧ ಮಗಾ ಕೆಳಗ ಇಳದ ಅಂತ ಹೊತಗೊಂಡು ಸಾಯಲೇನು? ನೀ ಮ್ಯಾಲ ಹೋಗು. ನಿನ್ನ ಕೆಲಸ ನೀ ಮಾಡು, ನನ್ನ ಕೆಲಸ ನಾ ಮಾಡ್ತೀನಿ."

"ನಿಮ್ಮಿಬ್ಬರ ಕೆಲಸದಾಗ ಒಬ್ಬರು ಹೋಗ್ತೀರಿ," ಎಂದ ಅಪ್ಪ, ಪೇಪರಿನಿಂದ ತಲೆ ಎತ್ತದೆ. ಅವನು ಆ ವಿಷಯಕ್ಕೆ ಆಡಿದ ಮಾತು ಅದೊಂದೇ.

ಅವಳು ಹೇಳಿದ್ದನ್ನು ಮಾಡುವವಳು. ಓಡಿಸಿದರೆ ಉಣ್ಣುವುದಿಲ್ಲ, ತನಗಾಗಿ ಬಿಟ್ಟರೆ ಅದಕ್ಕೂ ಉಣ್ಣುವುದಿಲ್ಲ. ಮನೆಮನೆಗೆ ಬರುವ ನರ್ಸ್ ಬಂದು ಹೇಳಿದಳು, ಅವ್ವ ನಗುನಗುತ್ತ ತಲೆಯಾಡಿಸಿದಳು, ಮುಂದಿನ ರೇಸಿಗೆ ಮತ್ತೆ ಅದೇ. ಆ ವಾರ ಅಣ್ಣ ಹಿತ್ತಲಲ್ಲಿ ಗಾಡಿ ತೊಳೆಯುತ್ತ ನನ್ನನ್ನು ಕರೆದ. ಕೊಳವೆಯ ನೀರನ್ನು ಹಾಗೆಯೇ ಹರಿಯಲು ಬಿಟ್ಟು, ಒಳಗೆ ಕೇಳದಂತೆ, ಇಂಗ್ಲಿಷಿನಲ್ಲಿ ಹೇಳಿದ. ಅವಳಿಗಾಗಿ ಬಿಡಲು ಆಗುವುದಿಲ್ಲ. ಆದರೆ ಕ್ಲಬ್ಬಿನವರೇ ತನ್ನನ್ನು ಬೇಡ ಅನ್ನಬಹುದು. ಮೊದಲ ತಿರುವಿನಲ್ಲಿ ಭುಜ ಇಳಿಸದೆ ಸ್ವಲ್ಪ ನೆಟ್ಟಗೆ ಕೂತರೆ ಸಾಕು, ಆಕ್ಸಿಲರೇಟರ್ ಹಿಡಿದ ಕೈ ಒಂದು ಎಳೆಯಷ್ಟು ಸಡಿಲಿಸಿದರೆ ಸಾಕು, ಮೇಲಿನ ಲೀಗಿನಲ್ಲಿ ಅಷ್ಟಕ್ಕೇ ಕೊನೆಯವನಾಗುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಹೆದರಿದ ಅಂದುಕೊಳ್ಳುತ್ತಾರೆ.

"ರೋನ್‌ಗೂ ಹೇಳಬ್ಯಾಡ," ಎಂದ, ಇದೊಂದನ್ನು ಕನ್ನಡದಲ್ಲಿ. "ಅಪ್ಪಗೂ."

ಆ ಬೇಸಿಗೆಯ ಉಳಿದ ದಿನಗಳನ್ನು ನಾನು ಮರೆಯಬೇಕೆಂದರೂ ಮರೆಯಲಾರೆ. ಕೆಲವು ರೇಸುಗಳಿಗೆ ನಾನೂ ವ್ಯಾನಿನಲ್ಲಿ ಹೋದೆ. ಟೇಪು ಏಳುತ್ತಿತ್ತು, ನಾಲ್ವರೂ ಒಟ್ಟಿಗೆ ನುಗ್ಗುತ್ತಿದ್ದರು, ತಿರುವಿನ ಬಾಯಲ್ಲಿ ಮೂರು ಭುಜಗಳು ಇಳಿಯುತ್ತಿದ್ದವು. ಒಂದು ನೆಟ್ಟಗೆ ನಿಲ್ಲುತ್ತಿತ್ತು. ಬೀಳುವುದಕ್ಕಿಂತ ಅದು ಕಷ್ಟದ್ದು ಅನಿಸುತ್ತಿತ್ತು ನನಗೆ. ನನ್ನ ಹಿಂದಿನ ಮೆಟ್ಟಿಲ ಮೇಲೆ ಯಾರೋ ಪ್ರತಿ ಸಲ, "ಇಂಡಿಯನ್ ಟೇಕ್‌ಅವೇ ಊಟ ಮತ್ತೆ ಲೇಟು," ಅನ್ನುವನು, ಸುತ್ತಲಿನವರು ನಗುವರು. ಮೊದಮೊದಲು ನಗದೆ ಇದ್ದವರೂ ಆಗಸ್ಟಿನ ಹೊತ್ತಿಗೆ ನಗತೊಡಗಿದರು. ಅಣ್ಣ ರೇಸು ಮುಗಿಸಿ ಹೆಲ್ಮೆಟ್ ತೆಗೆದರೆ ಕಣ್ಣಿನ ಸುತ್ತ ಮಾತ್ರ ಚರ್ಮ ಕಾಣುತ್ತಿತ್ತು. ಉಳಿದದ್ದೆಲ್ಲ ಕೆಂಪು.

ಅವನ ರೇಸಿನ ಸೂಟು ತೊಳೆಯುತ್ತಿದ್ದವಳು ಅವ್ವ. ಗೆಲ್ಲುವವನ ಸೂಟಿನ ಎದೆ ಸ್ವಚ್ಛವಾಗಿರುತ್ತದೆ. ಮುಂದೆ ಯಾರೂ ಇಲ್ಲದಿದ್ದರೆ ಪುಡಿ ಎರಚುವವರು ಯಾರು. ಮೊದಲೆಲ್ಲ ಅವಳು ಸ್ನಾನದ ತೊಟ್ಟಿಯಲ್ಲಿ ಎರಡು ಸಲ ಹಿಂಡಿದರೆ ಆಗುತ್ತಿತ್ತು. ಈಗ ನೀರು ಕೆಂಪಾಗುತ್ತಲೇ ಇರುತ್ತಿತ್ತು, ತೊಟ್ಟಿಯ ತೂತಿನಲ್ಲಿ ಕಲ್ಲಿನ ಹರಳು ಕೂರುತ್ತಿತ್ತು. ಅವಳಿಗೆ ರೇಸಿನ ಅಂಕ ತಿಳಿಯುತ್ತಿರಲಿಲ್ಲ, ಇದು ತಿಳಿಯುತ್ತಿತ್ತು.

"ಎದಿ ತುಂಬ ಮಣ್ಣು," ಎಂದಳು ಒಂದು ದಿನ ನನಗೆ, ಬ್ರಶ್ಶಿನಿಂದ ತ್ರಾಸುಪಟ್ಟು ಉಜ್ಜುತ್ತ. "ಎಲ್ಲಾರ ಹಿಂದ ಓಡಸಾಕತ್ತಾನ. ಯಾಕ?"

"ಗೊತ್ತಿಲ್ಲ, ಅವ್ವ."

"ನಾ ಉಂಡಿಲ್ಲ ಹೌದಲ್ಲ. ಮತ್ತ ಯಾಕ?"

ಅವಳ ಕೈ ನಿಂತಿತ್ತು. ಇಷ್ಟು ದಿನದ ಹಸಿವು ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕುವವಳ ಹಾಗೆ ಆ ಕೆಂಪು ನೀರನ್ನೇ ನೋಡುತ್ತಿದ್ದಳು.

ರೋನ್ ಒಂದು ಸಂಜೆ ಬೇಲಿಯ ಹತ್ತಿರ ಅಣ್ಣನನ್ನು ನಿಲ್ಲಿಸಿದ. ಅಣ್ಣನಿಗೆ ಎಲ್ಲವನ್ನೂ ಕಲಿಸಿದವನು ಅವನು. ಅವನ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ತಾಳಬಹುದಿತ್ತು, ಇದ್ದದ್ದು ಮರುಕ.

"ಭಯ ಒಳಗೆ ಬಂದರೆ ನಾಚಿಕೆ ಪಡಬೇಕಾಗಿಲ್ಲ, ಮಗ. ನನಗೂ ಬಂದಿತ್ತು. ಒಂದು ಬೆಳಗ್ಗೆ ಎದ್ದರೆ ಇರೋದಿಲ್ಲ ಆ ಧೈರ್ಯ, ಅಷ್ಟೇ."

"ಹೌದು," ಎಂದ ಅಣ್ಣ. "ಹೋಯಿತು, ರೋನ್."

ರೋನ್ ತನ್ನ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಅಣ್ಣ ಅಲ್ಲಿಯೇ ನಿಂತು ಬೇಲಿಯ ಸಡಿಲ ಹಲಗೆಯೊಂದನ್ನು ಒಳಗೆ ಹೊರಗೆ ಆಡಿಸುತ್ತಿದ್ದ. ನಾನು ಕಿಟಕಿಯಿಂದ ಸರಿದೆ.

ಋತು ಮುಗಿದಾಗ ಮೇಲಿನ ಲೀಗಿನ ಕ್ಲಬ್ಬಿನವರು ಫೋನಿನಲ್ಲೇ ಅವನನ್ನು ಬಿಟ್ಟುಬಿಟ್ಟರು. ಹೆಸರು ಒಮ್ಮೆ ಕೆಟ್ಟ ಮೇಲೆ ನಡುವಿನವರೂ ಉಳಿಸಿಕೊಳ್ಳಲಿಲ್ಲ. ಮುಂದಿನ ವಸಂತದಿಂದ ಅವನು ಕೆಂಟ್‌ನಲ್ಲಿ ಕೆಳಗಿನ ಲೀಗಿನ ಹುಡುಗರ ಜೊತೆ, ಭಾನುವಾರ ಮಧ್ಯಾಹ್ನ ಮಾತ್ರ, ಬೆಳಕಿರುವಾಗಲೇ ಮನೆಗೆ. ಉಳಿದ ದಿನ ಟೈರ್ ಅಂಗಡಿಯಲ್ಲಿ ಕೆಲಸ. ಕೆಲವು ವರ್ಷಗಳಲ್ಲಿ ಅದನ್ನೂ ನಿಲ್ಲಿಸಿದ. ಅವ್ವನ ಕಣ್ಣು ಆ ಬೇಸಿಗೆಯ ನಂತರ ಮಂಜಾದದ್ದು ಪೂರ್ತಿ ಸರಿಯಾಗಲಿಲ್ಲ, ಕೊನೆಗೆ ಮೂತ್ರಪಿಂಡವೂ ಕೈಕೊಟ್ಟಿತು. ಆದರೆ ಅದಕ್ಕೆ ಮೊದಲು ಅವಳು ಬಹಳ ವರ್ಷ ಬದುಕಿದಳು, ಆ ಭಾನುವಾರಗಳನ್ನು ಬಿಟ್ಟರೆ ಬದುಕಿದಷ್ಟು ದಿನ ಹೊತ್ತುಹೊತ್ತಿಗೆ ಉಂಡಳು. ಅಣ್ಣ ಅವಳಿದ್ದಾಗ ಬಾಯಿ ಬಿಡಲಿಲ್ಲ. ಅವಳು ಹೋದ ಮೇಲೂ ಬಿಡಲಿಲ್ಲ. ಈ ಚಳಿಗಾಲ ಆಸ್ಪತ್ರೆಯ ಹಾಸಿಗೆಯಲ್ಲಿ, ಎದೆಯ ಕಾಯಿಲೆ ಅವನನ್ನು ಒಣಗಿಸಿದ್ದಾಗ, ಈಗಲಾದರೂ ರೋನ್‌ನ ಕಾಲದವರಿಗೆ ಹೇಳಲೇ ಎಂದು ಕೇಳಿದೆ. ಬೇಡ ಎಂದು ಕೈಯಾಡಿಸಿದ. ಅದು ಅವ್ವನ ಮೇಲೆ ಬರುತ್ತದೆ ಎಂದ.

ಅವನು ಕೆಳಗಿಳಿದ ವರ್ಷದ ಒಂದು ಭಾನುವಾರ ನಮ್ಮ ಮನೆಗೆ ಕುಂದಾಪುರದ ಕಡೆಯ ಗಂಡಹೆಂಡತಿ ಊಟಕ್ಕೆ ಬಂದಿದ್ದರು. ರೆಸ್ಟೋರೆಂಟು ನಡೆಸುವವರು, ಅಪ್ಪನಿಗೆ ಪರಿಚಯ. ಅಣ್ಣ ಕೆಂಟ್‌ನಿಂದ ಬಂದು ಸ್ನಾನ ಮುಗಿಸಿ, ಹಸಿ ಕೂದಲಲ್ಲಿ ಚಾಪೆಯ ಮೇಲೆ ಕುಳಿತಿದ್ದ. ಅವ್ವ ಅವನ ಎದುರಿಗೆ. ಕಿಟಕಿಯಿಂದ ಇನ್ನೂ ಬಿಸಿಲು ಬರುತ್ತಿತ್ತು.

"ನಿಮ್ಮ ಹುಡುಗ ಟೀವಿಯಲ್ಲಿ ಬರ್ತಿದ್ನಲ್ಲ," ಎಂದರು ಅತಿಥಿ. "ಈಗ ಯಾಕೆ ಕಾಣ್ಸೋದೇ ಇಲ್ಲ?"

ಅಪ್ಪ ತಾಟು ನೋಡಿದ. ನಾನು ಅವ್ವನನ್ನು ನೋಡಿದೆ. ಅವಳು ಬಾಯಲ್ಲಿದ್ದ ತುತ್ತನ್ನು ಸಾವಕಾಶ ಅಗಿದು ನುಂಗಿದಳು.

"ಆಗಲಿಲ್ರಿ ಅವನ ಕೈಲೆ," ಎಂದಳು. "ಮ್ಯಾಲಿನ ಲೀಗು ಅಂದ್ರ ಸಣ್ಣದಲ್ಲ. ದಮ್ಮು ಬೇಕಾಗ್ತದ. ನಾ ಏನ್ ಮಾಡೂದಿತ್ತೋ ಎಲ್ಲಾ ಮಾಡಿದ್ನಿರಿ. ಅವನೊಳಗ ಇರಲಿಲ್ಲ ಅದು. ಹೋಗ್ಲಿ ಬಿಡ್ರಿ, ಎಲ್ಲಾರಿಗೂ ಇರೂದಿಲ್ಲ."

"ಹಾಗೇನಿಲ್ಲ, ಹಾಗೇನಿಲ್ಲ," ಎಂದು ಅತಿಥಿ ಮುಜುಗರದಿಂದ ಅಣ್ಣನ ಕಡೆ ನೋಡಿದರು.

"ಹೌದ್ರಿ," ಎಂದ ಅಣ್ಣ. ಹೊರಗಿನವರ ಮುಂದೆ ಕನ್ನಡ ಆಡಲು ಸಂಕೋಚಪಡುತ್ತಿದ್ದವನು ಅಂದು ಪೂರ್ತಿ ಕನ್ನಡದಲ್ಲಿ ಹೇಳಿದ. "ನನ್ನ ಕೈಲೆ ಆಗಲಿಲ್ಲ."

ಅವ್ವನ ತಾಟಿನಲ್ಲಿ ರೊಟ್ಟಿ ಮುಗಿದಿತ್ತು. ನಾನು ಏಳುವ ಮೊದಲೇ ಅವನು ಎದ್ದು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿಗಳಲ್ಲಿ ಅಡಿಯ ಬಿಸಿಯದನ್ನು ಹುಡುಕಿ ತಂದು ಅವಳ ತಾಟಿಗೆ ಹಾಕಿದ. ಅವಳು ಬೇಡ ಅನ್ನಲಿಲ್ಲ. ಮುರಿದು, ಮೊಸರಿನಲ್ಲಿ ಅದ್ದಿ, ಅತಿಥಿಯ ಹೆಂಡತಿಯ ಜೊತೆ ಬೇರೆ ಮಾತಿಗೆ ತೊಡಗಿದಳು. ಅಣ್ಣ ತನ್ನ ತಾಟಿನ ಮುಂದೆ ಕುಳಿತು, ಅವಳು ಅದನ್ನು ಮುಗಿಸುವತನಕ ನೋಡುತ್ತಿದ್ದ.